ಅಣುವ್ರತ

ಜೈನ ಧರ್ಮ ಸಂಸಾರದಲ್ಲಿರುವ ಶ್ರಾವಕ ಶ್ರಾವಿಕೆಯರಿಗೆ ಹೇಳಿರುವ ಐದು ಮೂಲ ವ್ರತಗಳಿಗೆ ಅಣುವ್ರತಗಳೆಂದು ಹೆಸರು. ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯ, ಅಪರಿಗ್ರಹ ಎಂಬ ಈ ಐದೇ ಮುನಿಗಳಿಗೂ ಉಂಟು, ವ್ಯತ್ಯಾಸವೆಲ್ಲ ಅಳತೆಯದು. ಯಾವ ರಿಯಾಯಿತಿಯೂ ಇಲ್ಲದೆ ಹಿಡಿದದ್ದು ಮಹಾವ್ರತ. ಹೊಲ, ಅಂಗಡಿ, ಮಕ್ಕಳು ಮರಿ, ಸಾಲ ಸೋಲಗಳ ನಡುವೆ ಇರುವವರು ‘ಇಷ್ಟರವರೆಗೆ’ ಎಂದು ಗೆರೆ ಎಳೆದುಕೊಂಡು ಹಿಡಿದದ್ದು ಅಣುವ್ರತ. ಕರ್ಮ, ಮೋಕ್ಷ, ಆತ್ಮಶುದ್ಧಿಯಂಥ ದೊಡ್ಡ ಮಾತುಗಳು ಹಲ್ಲುಜ್ಜುವ ಕಡ್ಡಿಗೂ ಸಂಜೆಯ ಊಟದ ಹೊತ್ತಿಗೂ ತಕ್ಕಡಿಯ ಕಲ್ಲಿಗೂ ಹೇಗೆ ಇಳಿದು ಬರಬೇಕೆಂದು ಇಷ್ಟು ವಿವರವಾಗಿ ಬರೆದಿಟ್ಟ ವ್ಯವಸ್ಥೆ ಅಪರೂಪ.

ಗೃಹಸ್ಥರ ನಡವಳಿಕೆಯನ್ನು ಹೇಳುವ ಗ್ರಂಥಗಳಿಗೆ ಒಟ್ಟಾಗಿ ಶ್ರಾವಕಾಚಾರಗಳೆನ್ನುತ್ತಾರೆ. ಶ್ವೇತಾಂಬರ, ದಿಗಂಬರ ಎಂಬ ಎರಡೂ ಪಂಥಗಳು ಒಪ್ಪುವ ಆಧಾರ ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ. ಶ್ವೇತಾಂಬರ ಆಗಮಗಳಲ್ಲಿ ಏಳನೆಯ ಅಂಗವಾದ ಉಪಾಸಕದಶಾಂಗ ಮಹಾವೀರನ ಹತ್ತು ಮಂದಿ ಗೃಹಸ್ಥ ಶಿಷ್ಯರ ಕತೆ ಹೇಳುತ್ತದೆ. ದಿಗಂಬರರಲ್ಲಿ ಸಮಂತಭದ್ರನ ರತ್ನಕರಂಡಕ ಶ್ರಾವಕಾಚಾರಕ್ಕೆ ಮೊದಲ ಮನ್ನಣೆ; ನೂರೈವತ್ತು ಶ್ಲೋಕಗಳ ಈ ಪುಟ್ಟ ಪುಸ್ತಕವನ್ನು ಇಂದಿಗೂ ಪಾಠ ಹೇಳಿಸಿಕೊಳ್ಳುತ್ತಾರೆ. 959ರಲ್ಲಿ ಮುಗಿದ ಸೋಮದೇವನ ಯಶಸ್ತಿಲಕದ ಕೊನೆಯ ಭಾಗ, ಚಾವುಂಡರಾಯನ ಚಾರಿತ್ರಸಾರ, 12ನೆಯ ಶತಮಾನದ ಹೇಮಚಂದ್ರನ ಯೋಗಶಾಸ್ತ್ರ, 13ನೆಯ ಶತಮಾನದ ಆಶಾಧರನ ಸಾಗಾರಧರ್ಮಾಮೃತ ಆಮೇಲಿನ ಮುಖ್ಯ ಕೃತಿಗಳು. ಕನ್ನಡದಲ್ಲಿ ಇದೇ ಸಾಮಗ್ರಿಯನ್ನು ಕತೆಯ ರೂಪಕ್ಕೆ ತಂದವನು ಮುಳುಗುಂದದ ನಯಸೇನ. 1112ರಲ್ಲಿ ಅವನು ಬರೆದ ಧರ್ಮಾಮೃತದಲ್ಲಿ ಸಮ್ಯಗ್ದರ್ಶನಕ್ಕೆ, ಅಂದರೆ ಸರಿಯಾದ ಶ್ರದ್ಧೆಗೆ, ಒಂದು, ಅದರ ಎಂಟು ಅಂಗಗಳಿಗೆ ಎಂಟು, ಐದು ವ್ರತಗಳಿಗೆ ಐದು ಎಂದು ಹದಿನಾಲ್ಕು ಕತೆಗಳಿವೆ. ಸಂಸ್ಕೃತವನ್ನು ಬೇಕಾಬಿಟ್ಟಿ ಬೆರೆಸುವ ಕವಿಗಳನ್ನು ಗೇಲಿ ಮಾಡಿದ ಈತ ಉಪಮೆಗಳನ್ನೆಲ್ಲ ಹಳ್ಳಿಯ ಮನೆ, ಹಿತ್ತಿಲು, ಸಂತೆಗಳಿಂದ ತಂದುಕೊಂಡಿದ್ದಾನೆ. ದಿನಬಳಕೆಯ ಧರ್ಮ ಹೇಳಲು ದಿನಬಳಕೆಯ ಮಾತು ಅವನಿಗೆ ಸಹಜವಾಗಿಯೇ ಒದಗಿದೆ.

ವ್ರತ ಮುರಿಯುವುದು ಬೇರೆ, ವ್ರತಕ್ಕೆ ಕುಂದು ತಟ್ಟುವುದು ಬೇರೆ. ಈ ವ್ಯವಸ್ಥೆಯ ಜೀವಾಳವೇ ಈ ವಿಂಗಡಣೆ. ಕುಂದಿಗೆ ಅತಿಚಾರವೆಂದು ಹೆಸರು. ಒಂದೊಂದು ವ್ರತಕ್ಕೂ ಐದೈದು ಅತಿಚಾರಗಳನ್ನು ತತ್ತ್ವಾರ್ಥಸೂತ್ರ ಎಣಿಸುತ್ತದೆ. ತಪ್ಪಿಗೂ ನಾಲ್ಕು ಮೆಟ್ಟಿಲು ಹೇಳುತ್ತಾರೆ: ಮನಸ್ಸು ಅಳುಕುವುದು ಅತಿಕ್ರಮ, ಬೇಲಿ ದಾಟುವುದು ವ್ಯತಿಕ್ರಮ, ಬೇಲಿಯಾಚೆ ಕೈಹಾಕುವುದು ಅತಿಚಾರ, ಅಲ್ಲೇ ಬೀಡುಬಿಡುವುದು ಅನಾಚಾರ. ವ್ರತದ ಹೆಸರುಗಳನ್ನಷ್ಟೇ ಓದಿದರೆ ಇವು ಎಲ್ಲ ಧರ್ಮಗಳೂ ಹೇಳುವ ಮಾತೇ ಅನ್ನಿಸುತ್ತದೆ. ಅತಿಚಾರಗಳ ಪಟ್ಟಿ ಓದಿದಾಗ ಮಾತ್ರ ಇದನ್ನು ಬರೆದವರಿಗೆ ಕೊಟ್ಟಿಗೆಯೂ ಅಂಗಡಿಯೂ ಎಷ್ಟು ಚೆನ್ನಾಗಿ ಗೊತ್ತಿದ್ದವೆಂಬುದು ತಿಳಿಯುತ್ತದೆ.

ಅಹಿಂಸಾಣುವ್ರತದ ಐದು ಅತಿಚಾರಗಳು ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಅತಿಭಾರ ಹೇರುವುದು, ಅನ್ನ ನೀರು ತಡೆಯುವುದು. ಎಲ್ಲವೂ ದನಕರು, ಆಳುಕಾಳು ಇರುವ ಮನೆಯ ಸಂಗತಿ. ‘ನಾನೇನೂ ಕೊಂದಿಲ್ಲವಲ್ಲ’ ಎಂದು ಹೇಳಿಕೊಳ್ಳುತ್ತ ಎತ್ತನ್ನು ಉಪವಾಸ ಕೆಡಹುವವನನ್ನು ಹಿಡಿಯಲೆಂದೇ ಈ ಪಟ್ಟಿ. ವ್ಯಾಖ್ಯಾನಕಾರರು ಇನ್ನೂ ಹತ್ತಿರಕ್ಕೆ ಹೋಗುತ್ತಾರೆ: ದನವನ್ನು ಕಟ್ಟಲೇಬೇಕಾದರೆ ಹಗ್ಗ ಸಡಿಲವಾಗಿರಲಿ, ಬೆಂಕಿ ಬಿದ್ದರೆ ಬಿಚ್ಚಿಕೊಳ್ಳುವಂತಿರಲಿ, ಆಳಿಗೆ ಹೊರಿಸುವ ಹೊರೆ ಅವನೇ ಎತ್ತಿ ಅವನೇ ಇಳಿಸಬಹುದಾದಷ್ಟಿರಲಿ, ಎತ್ತಿಗೆ ವಾಡಿಕೆಗಿಂತ ಕಡಮೆ ಹೇರಿ, ಹೊತ್ತಿಗೆ ಸರಿಯಾಗಿ ನೊಗ ಬಿಚ್ಚಲಿ, ತನ್ನನ್ನು ನಂಬಿದ ಜೀವಗಳು ತಿಂದ ಮೇಲೆ ಯಜಮಾನ ಉಣ್ಣಲಿ.

ಗೃಹಸ್ಥ ಎಲ್ಲ ಹಿಂಸೆಯನ್ನೂ ಬಿಡಲಾರನೆಂಬುದನ್ನು ಶಾಸ್ತ್ರ ಮೊದಲೇ ಒಪ್ಪಿಕೊಂಡಿದೆ. ಜೀವಗಳಲ್ಲಿ ಚಲಿಸುವ ತ್ರಸ, ಚಲಿಸದ ಸ್ಥಾವರ ಎಂದು ಎರಡು ಬಗೆ. ಗಿಡ, ನೀರು, ಮಣ್ಣು, ಬೆಂಕಿ, ಗಾಳಿಗಳ ಒಂದೇ ಇಂದ್ರಿಯದ ಜೀವಗಳಿಗೆ ಆಗುವ ನೋವು ತಪ್ಪದು, ಅದನ್ನು ತಗ್ಗಿಸಬಹುದಷ್ಟೆ. ಹಿಂಸೆಯನ್ನು ನಾಲ್ಕಾಗಿ ವಿಂಗಡಿಸುವುದೂ ರೂಢಿ: ಬೇಕೆಂದೇ ಮಾಡುವ ಸಂಕಲ್ಪೀ, ಅಡುಗೆ ಕಸಮುಸುರೆಗಳಲ್ಲಿ ಆಗುವ ಆರಂಭೀ, ಕಸುಬಿನಲ್ಲಿ ಆಗುವ ಉದ್ಯೋಗೀ, ತನ್ನವರ ರಕ್ಷಣೆಗೆಂದು ಆಗುವ ವಿರೋಧೀ. ಶ್ರಾವಕ ಪೂರ್ತಿ ಬಿಡಬೇಕಾದ್ದು ಮೊದಲನೆಯದು. ಗಂಗರ ಸೇನಾಪತಿಯಾಗಿ ಯುದ್ಧಗಳನ್ನು ಗೆದ್ದ ಚಾವುಂಡರಾಯ ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿ, ಆಚಾರಗ್ರಂಥವನ್ನೂ ಬರೆದು, ವ್ರತಿಯೆನಿಸಿಕೊಂಡದ್ದಕ್ಕೆ ಈ ನಾಲ್ಕನೆಯ ಬಗೆಯೇ ಆಸರೆ.

ಸಂಕಲ್ಪದ ತೂಕ ಎಷ್ಟೆಂಬುದನ್ನು ಕನ್ನಡ ಓದುಗರು ಜನ್ನನ ಯಶೋಧರ ಚರಿತೆಯಿಂದ (1209) ಬಲ್ಲರು. ಕೆಟ್ಟ ಕನಸಿನ ಪರಿಹಾರಕ್ಕೆ ಪ್ರಾಣಿಬಲಿ ಕೊಡೆಂದು ತಾಯಿ ಚಂದ್ರಮತಿ ಹಟ ಹಿಡಿಯುತ್ತಾಳೆ, ಮಗ ಯಶೋಧರ ಒಲ್ಲೆನ್ನುತ್ತಾನೆ. ಕೊನೆಗೆ ಹಿಟ್ಟಿನ ಕೋಳಿಯೊಂದನ್ನು ಕತ್ತರಿಸುವುದೆಂದು ರಾಜಿಯಾಗುತ್ತದೆ. ಕತ್ತಿ ಬಿದ್ದಾಗ ಆ ಹಿಟ್ಟಿನ ಕೋಳಿ ಕೂಗಿಬಿಡುತ್ತದೆ. ಒಂದೇ ಒಂದು ಪ್ರಾಣಿ ಸಾಯದ ಆ ಬಲಿಗಾಗಿ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ ಸಾಯುತ್ತಾರೆ. ಜೀವದಯಾಷ್ಟಮಿ ನೋಂಪಿಯ ಕತೆಯಾಗಿ ಇದು ಕಾವ್ಯ ಓದದವರ ಮನೆಗಳಲ್ಲೂ ಬಳಕೆಯಲ್ಲಿದೆ.

ಸತ್ಯ ಮತ್ತು ಅಸ್ತೇಯ ವ್ರತಗಳ ಅತಿಚಾರಗಳು ಪೇಟೆಬೀದಿಯವು. ತಪ್ಪು ಉಪದೇಶ, ಗುಟ್ಟು ಬಯಲು ಮಾಡುವುದು, ಖೊಟ್ಟಿ ಕಾಗದಪತ್ರ ಬರೆಯುವುದು, ನಂಬಿ ಇಟ್ಟ ಒತ್ತೆಯನ್ನು ನುಂಗುವುದು, ಮುಖಚರ್ಯೆಯಿಂದಲೇ ಇನ್ನೊಬ್ಬರ ಆಲೋಚನೆ ಊಹಿಸಿ ಹೊರಗೆ ಆಡುವುದು ಸತ್ಯಕ್ಕೆ ಕುಂದು. ಕಳ್ಳನಿಗೆ ಕುಮ್ಮಕ್ಕು ಕೊಡುವುದು, ಕದ್ದ ಮಾಲು ಕೊಳ್ಳುವುದು, ರಾಜ್ಯದ ಕಟ್ಟಳೆ ಮೀರಿ ವ್ಯವಹಾರ ಮಾಡುವುದು, ಕೊಳ್ಳಲೊಂದು ಸೇರು ಕೊಡಲೊಂದು ಸೇರು ಇಟ್ಟುಕೊಳ್ಳುವುದು, ಕಲಬೆರಕೆ ಮಾಡುವುದು ಅಸ್ತೇಯಕ್ಕೆ ಕುಂದು. ಇಂದಿನ ಗ್ರಾಹಕ ನ್ಯಾಯಾಲಯಕ್ಕೆ ಹೋಗುವ ದೂರುಗಳಲ್ಲಿ ಈ ಹತ್ತರ ಆಚೆ ಬೀಳುವವು ಹೆಚ್ಚಿರಲಾರವು.

ಒತ್ತೆ ನುಂಗಿದ ಸತ್ಯಘೋಷನ ಕತೆ ಈ ಸಾಹಿತ್ಯದಲ್ಲಿ ಹೆಸರಾದದ್ದು. ಸುಳ್ಳು ಬಂದರೆ ನಾಲಗೆ ಕತ್ತರಿಸಿಕೊಳ್ಳುತ್ತೇನೆಂದು ಜನಿವಾರಕ್ಕೆ ಚೂರಿ ಕಟ್ಟಿಕೊಂಡು ತಿರುಗುತ್ತಿದ್ದ ಪುರೋಹಿತನೀತ. ವ್ಯಾಪಾರಿಯೊಬ್ಬ ಐದು ರತ್ನಗಳನ್ನು ಅವನ ವಶಕ್ಕೆ ಕೊಟ್ಟು ಸಮುದ್ರಯಾನಕ್ಕೆ ಹೋಗಿ, ಹಡಗು ಒಡೆದು ಬರಿಗೈಲಿ ಹಿಂದಿರುಗಿದಾಗ, ಪುರೋಹಿತ ಅವನಿಗೆ ಹುಚ್ಚೆಂದು ಸಾರಿಬಿಟ್ಟ. ವ್ಯಾಪಾರಿ ಅರಮನೆಯ ಬಳಿಯ ಮರ ಹತ್ತಿ ದಿನವೂ ಬೆಳಗಿನ ಜಾವ ಅದೇ ದೂರನ್ನು ಅದೇ ಮಾತುಗಳಲ್ಲಿ ಕೂಗುತ್ತ ಬಂದ. ಹುಚ್ಚನಾದರೆ ಮಾತು ದಿನಕ್ಕೊಂದು ತೆರನಾಗಿರಬೇಕಲ್ಲ ಎಂದು ರಾಣಿಗೆ ಅನುಮಾನ ಹುಟ್ಟಿತು. ಜೂಜಿನಲ್ಲಿ ಪುರೋಹಿತನ ಉಂಗುರ ಗೆದ್ದು, ಅದನ್ನೇ ಗುರುತಾಗಿ ಅವನ ಮನೆಗೆ ಕಳಿಸಿ ರತ್ನಗಳನ್ನು ತರಿಸಿದಳು. ರಾಜ ಅವನ್ನು ತನ್ನ ಭಂಡಾರದ ರತ್ನಗಳೊಡನೆ ಬೆರೆಸಿ ಮುಂದಿಟ್ಟಾಗ ವ್ಯಾಪಾರಿ ತನ್ನ ಐದನ್ನಷ್ಟೇ ಆರಿಸಿಕೊಂಡ.

ಬ್ರಹ್ಮಚರ್ಯಾಣುವ್ರತ ಗೃಹಸ್ಥರಿಗೆ ಸ್ವದಾರಸಂತೋಷ, ಅಂದರೆ ಕಟ್ಟಿಕೊಂಡವಳಲ್ಲೇ ತೃಪ್ತಿ ಎಂಬ ಅರ್ಥದ್ದು. ಗ್ರಂಥಗಳು ಇದನ್ನು ಗಂಡಸನ್ನು ಎದುರಿಗಿಟ್ಟುಕೊಂಡೇ ಬರೆದಿವೆ.

ಐದನೆಯದಾದ ಅಪರಿಗ್ರಹಕ್ಕೆ ಗೃಹಸ್ಥರ ಮಟ್ಟಿಗೆ ಪರಿಗ್ರಹಪರಿಮಾಣ ಎಂಬುದೇ ಸರಿಯಾದ ಹೆಸರು: ಇರಬೇಕಾದ ಆಸ್ತಿಗೆ ತಾನೇ ಮಿತಿ ಹಾಕಿಕೊಳ್ಳುವುದು. ಹೊಲ ಮನೆ, ಬೆಳ್ಳಿ ಬಂಗಾರ, ದನ ಧಾನ್ಯ, ದಾಸಿ ದಾಸರು, ಬಟ್ಟೆ ಪಾತ್ರೆ ಎಂದು ಲೆಕ್ಕದ ಬಾಬುಗಳಿವೆ. ಮನುಷ್ಯರನ್ನೂ ಆಸ್ತಿಯ ಬಾಬಿನಲ್ಲಿ ಎಣಿಸಿರುವುದು ಆ ಕಾಲದ ಸಮಾಜ ಹೇಗಿತ್ತೆಂಬುದನ್ನು ಹೇಳುತ್ತದೆ. ಉಪಾಸಕದಶಾಂಗದ ಮೊದಲ ಕತೆಯ ನಾಯಕ ವಾಣಿಜ್ಯಗ್ರಾಮದ ಆನಂದ ಈ ವ್ರತಕ್ಕೆ ಮಾದರಿ. ಭಂಡಾರದಲ್ಲಿ ನಾಲ್ಕು ಕೋಟಿ ಹೊನ್ನು, ವ್ಯವಹಾರದಲ್ಲಿ ನಾಲ್ಕು ಕೋಟಿ, ಮನೆಬಳಕೆಯಲ್ಲಿ ನಾಲ್ಕು ಕೋಟಿ, ಹತ್ತತ್ತು ಸಾವಿರ ಹಸುಗಳ ನಾಲ್ಕು ಮಂದೆ, ಐನೂರು ನೇಗಿಲು. ಇದಕ್ಕೆ ಮೇಲ್ಪಟ್ಟದ್ದು ಬೇಡವೆಂದು ಅವನು ಮಹಾವೀರನ ಮುಂದೆ ಪ್ರತಿಜ್ಞೆ ಮಾಡಿದ. ಅಲ್ಲಿಗೇ ನಿಲ್ಲಲಿಲ್ಲ. ಹಲ್ಲುಜ್ಜಲು ಹಸಿ ಜೇಷ್ಠಮಧುವಿನ ಕಡ್ಡಿ ಮಾತ್ರ, ಹಣ್ಣಿನಲ್ಲಿ ನೆಲ್ಲಿ ಮಾತ್ರ, ಉಡಲು ಹತ್ತಿಯ ಜೋಡಿ ಬಟ್ಟೆ ಮಾತ್ರ, ಸ್ನಾನಕ್ಕೆ ಎಂಟು ಕೊಡ ನೀರು ಮಾತ್ರ ಎಂದು ದಿನಚರಿಯ ತುದಿಯವರೆಗೂ ಮಿತಿಗಳನ್ನು ಎಣಿಸಿ ಹೇಳಿದ. ಹನ್ನೆರಡು ಕೋಟಿಯ ಧಣಿ ಈ ವ್ರತದಿಂದ ಕಳೆದುಕೊಂಡದ್ದೇನು ಎಂದು ಕೇಳುವವರಿದ್ದಾರೆ. ಮಿತಿ ಅವನಲ್ಲಿ ಆಗಲೇ ಇದ್ದಷ್ಟಕ್ಕೇ ನಿಂತಿದೆ ಎಂಬುದು ನಿಜ. ಶಾಸ್ತ್ರಕಾರರ ದೃಷ್ಟಿ ನಾಳೆಯ ಆಸೆಯ ಮೇಲಿತ್ತು, ಇಂದಿನ ಗಂಟಿನ ಮೇಲಿರಲಿಲ್ಲ. ಸಂಪತ್ತನ್ನು ಹಂಚುವ ಅರ್ಥನೀತಿಯೆಂದು ಇದನ್ನು ಓದಿದರೆ ಬರಿದೇ ನಿರಾಸೆ.

ಆ ಆಸೆಯನ್ನು ಚಿತ್ರಿಸುವುದು ಶ್ಮಶ್ರುನವನೀತನ, ಅಂದರೆ ಮೀಸೆಬೆಣ್ಣೆಯವನ ಕತೆ. ಮಜ್ಜಿಗೆ ಕುಡಿದಾಗ ಮೀಸೆಗೆ ಅಂಟಿದ ಬೆಣ್ಣೆಯನ್ನು ದಿನದಿನವೂ ಸವರಿ ತೆಗೆದು ಒಂದು ಗಡಿಗೆ ತುಪ್ಪ ಮಾಡಿದ ಬಡವನೀತ. ಚಳಿಗಾಲದ ಒಂದು ರಾತ್ರಿ ಪಕ್ಕದಲ್ಲಿ ಬೆಂಕಿ ಹಾಕಿಕೊಂಡು, ಕಾಲ ಬಳಿ ತೂಗುಹಾಕಿದ ಗಡಿಗೆಯನ್ನು ನೋಡುತ್ತ ಮಲಗಿದ್ದಾಗ ತುಪ್ಪ ಮಾರಿ ವ್ಯಾಪಾರಿಯಾದಂತೆ, ಅರಸನಾದಂತೆ, ಚಕ್ರವರ್ತಿಯಾದಂತೆ ಕಲ್ಪನೆ ಬೆಳೆಯಿತು. ಕಾಲೊತ್ತುವ ಪಟ್ಟದರಸಿಗೆ ಒತ್ತುವ ಕ್ರಮವೇ ತಿಳಿಯದೆಂದು ಹುಸಿಮುನಿಸಿನಿಂದ ಒದ್ದ. ಒದೆ ಬಿದ್ದದ್ದು ಗಡಿಗೆಗೆ, ತುಪ್ಪ ಬಿದ್ದದ್ದು ಬೆಂಕಿಗೆ. ಗುಡಿಸಲಿನೊಡನೆ ಅವನೂ ಉರಿದುಹೋದ. ಆನಂದನನ್ನೂ ಇವನನ್ನೂ ಎದುರುಬದುರು ಇಟ್ಟು ನೋಡಿದರೆ ಪರಿಗ್ರಹವೆಂಬ ಮಾತನ್ನು ಜೈನರು ಯಾವ ಅರ್ಥದಲ್ಲಿ ಬಳಸುತ್ತಾರೆಂಬುದು ಸ್ಪಷ್ಟವಾಗುತ್ತದೆ.

ಮಿತಿ ಹಾಕಿಕೊಂಡವರು ಹುಡುಕುವ ಸಂದುಗಳೂ ಗ್ರಂಥಕಾರರಿಗೆ ಗೊತ್ತಿದ್ದವು. ಎರಡು ಹೊಲದ ನಡುವಿನ ಬದು ಕಿತ್ತು ಒಂದೇ ಎಂದು ಎಣಿಸುವುದು, ಹೆಚ್ಚಿಗೆ ಬಂದ ಬಂಗಾರವನ್ನು ವ್ರತದ ಅವಧಿ ಮುಗಿಯುವ ತನಕ ಬೇರೆಯವರ ಹೆಸರಿನಲ್ಲಿಡುವುದು, ಕೊಂಡ ಧಾನ್ಯವನ್ನು ಮಾರಿದವನ ಕಣಜದಲ್ಲೇ ಬಿಟ್ಟಿರುವುದು, ಇವೆಲ್ಲ ಅತಿಚಾರಗಳೇ ಎಂದು ಹೇಮಚಂದ್ರ ವಿವರಿಸುತ್ತಾನೆ. ಬೇನಾಮಿ ಎಂಬ ಮಾತು ಆಗ ಇರಲಿಲ್ಲವಷ್ಟೆ.

ಅಣುವ್ರತಗಳಿಗೆ ಬೇಲಿಯಾಗಿ ಮೂರು ಗುಣವ್ರತಗಳೂ ನಾಲ್ಕು ಶಿಕ್ಷಾವ್ರತಗಳೂ ಇವೆ, ಒಟ್ಟು ಹನ್ನೆರಡು. ಗುಣವ್ರತ ಶಿಕ್ಷಾವ್ರತಗಳ ಹಂಚಿಕೆಯಲ್ಲಿ ತತ್ತ್ವಾರ್ಥಸೂತ್ರಕ್ಕೂ ಸಮಂತಭದ್ರನಿಗೂ ವ್ಯತ್ಯಾಸವಿದೆ, ಆಚರಣೆಯಲ್ಲಿ ಅದರಿಂದ ಹೆಚ್ಚಿನ ಫರಕು ಬೀಳುವುದಿಲ್ಲ. ದಿಗ್ವ್ರತದಲ್ಲಿ ಈ ನದಿ, ಆ ಬೆಟ್ಟ, ಇಂಥ ಊರು ದಾಟುವುದಿಲ್ಲವೆಂದು ಜೀವಮಾನಕ್ಕೆ ಎಲ್ಲೆ ಹಾಕಿಕೊಳ್ಳುತ್ತಾರೆ. ಎಲ್ಲೆಯ ಆಚೆ ಏನೂ ಮಾಡದಿರುವುದರಿಂದ ಅಲ್ಲಿನ ಮಟ್ಟಿಗೆ ಗೃಹಸ್ಥನ ಅಣುವ್ರತವೂ ಮಹಾವ್ರತದಂತೆಯೇ ಎಂಬುದು ಸಮಂತಭದ್ರನ ತರ್ಕ. ಅದೇ ಎಲ್ಲೆಯನ್ನು ಒಂದು ದಿನಕ್ಕೆ, ಒಂದು ಬೀದಿಗೆ, ಒಂದು ಮನೆಗೆ ಕುಗ್ಗಿಸಿಕೊಂಡರೆ ದೇಶಾವಕಾಶಿಕ. ಅನರ್ಥದಂಡವೆಂದರೆ ಯಾವ ಪ್ರಯೋಜನವೂ ಇಲ್ಲದ ಪಾಪ: ಕೆಟ್ಟ ಸಲಹೆ, ಆಯುಧ ಎರವಲು ಕೊಡುವುದು, ಮನಸ್ಸಿನಲ್ಲೇ ಇನ್ನೊಬ್ಬರ ಕೇಡು ಮೆಲುಕು ಹಾಕುವುದು, ಮನ ಕೆಡಿಸುವ ಕತೆ ಕೇಳುವುದು, ಸುಮ್ಮಸುಮ್ಮನೆ ನೆಲ ಕೆದಕುವುದು, ಎಲೆ ಕೀಳುವುದು. ಸಾಮಾಯಿಕವೆಂದರೆ ಎರಡು ಗಳಿಗೆ, ಅಂದರೆ 48 ನಿಮಿಷ, ಎಲ್ಲ ವ್ಯವಹಾರ ಬಿಟ್ಟು ಸಮಭಾವದಲ್ಲಿ ಕೂರುವುದು. ಅಷ್ಟಮಿ ಚತುರ್ದಶಿಗಳ ಉಪವಾಸ ಪ್ರೋಷಧ.

ಚತುರ್ದಶಿಯ ಒಂದೇ ವ್ರತ ಹಿಡಿದವನ ಕತೆ ರತ್ನಕರಂಡಕದ ಅಹಿಂಸೆಯ ನಿದರ್ಶನ. ಯಮಪಾಲನೆಂಬ ಮಾತಂಗ ರಾಜನ ತಲೆಹೊಡೆಯುವ ಆಳು. ಆ ತಿಥಿಯಂದು ಕೊಲ್ಲುವುದಿಲ್ಲವೆಂಬುದಷ್ಟೇ ಅವನು ಮುನಿಯಿಂದ ಪಡೆದ ನಿಯಮ. ಅಪರಾಧಿಯಾದ ರಾಜಪುತ್ರನನ್ನು ಅದೇ ದಿನ ಕೊಲ್ಲಲು ಅಪ್ಪಣೆಯಾದಾಗ ಅವನು ಒಪ್ಪದೆ, ಮೊಸಳೆಗಳ ಮಡುವಿಗೆ ಬೀಳಲು ಸಿದ್ಧನಾದ. ಕಸುಬನ್ನೇ ಬಿಡು ಎಂದು ಕತೆ ಅವನಿಗೆ ಹೇಳುವುದಿಲ್ಲ. ಇಡೀ ಸಂಪ್ರದಾಯಕ್ಕೆ ಅಹಿಂಸೆಯ ಮಾದರಿಯಾಗಿ ಒಬ್ಬ ಕೊಲೆಗಾರನನ್ನು, ಅದೂ ಮಾತಂಗನನ್ನು, ಆರಿಸಿಕೊಂಡದ್ದು ಸಮಂತಭದ್ರನ ಧೈರ್ಯ.

ಹೊರಗಿನವರ ಕಣ್ಣಿಗೆ ಮೊದಲು ಬೀಳುವುದು ಅಡುಗೆಮನೆಯ ನಿಯಮಗಳು. ಹೆಂಡ, ಮಾಂಸ, ಜೇನು ಮೂರನ್ನೂ, ಜೊತೆಗೆ ಒಳಗೆ ಹುಳುವಿರುವ ಆಲ, ಅರಳಿ, ಅತ್ತಿ ಮೊದಲಾದ ಐದು ಹಣ್ಣುಗಳನ್ನೂ ಬಿಡುವುದು ಮೂಲಗುಣ. ಈರುಳ್ಳಿ, ಬೆಳ್ಳುಳ್ಳಿ, ಆಲೂಗೆಡ್ಡೆ, ಮೂಲಂಗಿಗಳಂಥ ನೆಲದಡಿಯ ಪದಾರ್ಥಗಳಲ್ಲಿ ಒಂದೇ ದೇಹದೊಳಗೆ ಅನಂತ ಜೀವಗಳಿವೆಯೆಂಬ ಕಾರಣಕ್ಕೆ ನಿಷ್ಠರು ಅವನ್ನು ಮುಟ್ಟುವುದಿಲ್ಲ. ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕು. ದೀಪಕ್ಕೆ ಬರುವ ಹುಳುಹುಪ್ಪಟೆ ಅನ್ನಕ್ಕೆ ಬೀಳುತ್ತದೆಂಬುದು ಹಳೆಯ ವಿವರಣೆ. ವಿದ್ಯುತ್ತು ಬಂದ ಮೇಲೂ ಎಷ್ಟೋ ಮನೆಗಳಲ್ಲಿ ನಿಯಮ ಸಡಿಲವಾಗಿಲ್ಲ. ನೀರನ್ನು ಎರಡು ಮಡಿಕೆಯ ದಪ್ಪ ಬಟ್ಟೆಯಲ್ಲಿ ಸೋಸಬೇಕು. ಸೋಸಿದ ಮೇಲೆ ಆ ಬಟ್ಟೆಯನ್ನು ಕೊಡವಿಬಿಡುವಂತಿಲ್ಲ. ಸೋಸಿದ ನೀರನ್ನೇ ಅದರ ಮೇಲೆ ಮೆಲ್ಲಗೆ ಹೊಯ್ದು, ಅಂಟಿದ ಸೂಕ್ಷ್ಮ ಜೀವಗಳನ್ನು ಅವು ಬಂದ ಬಾವಿಗೇ ಮರಳಿ ಬಿಡಬೇಕು. ಕೊಳಾಯಿ ಬಂದ ಮೇಲೆ ಸೋಸುವ ಬಟ್ಟೆ ನಲ್ಲಿಯ ಬಾಯಿಗೆ ಕಟ್ಟಿಸಿಕೊಂಡಿತು. ಮರಳಿ ಬಿಡಲು ಮಾತ್ರ ಬಾವಿಯೇ ಇಲ್ಲವಾಯಿತು.

ಜೀವಮಾನದ ವ್ರತ ಹೊರಲಾಗದವರಿಗೆ ದಿನದ ನಿಯಮಗಳುಂಟು. ಶ್ವೇತಾಂಬರರ ಹದಿನಾಲ್ಕು ನಿಯಮಗಳಲ್ಲಿ ಈ ದಿನ ಎಷ್ಟು ಪದಾರ್ಥ ತಿನ್ನುವುದು, ಎಷ್ಟು ಬಟ್ಟೆ ಉಡುವುದು, ಯಾವ ವಾಹನ ಹತ್ತುವುದು, ಯಾವ ದಿಕ್ಕಿಗೆ ಎಷ್ಟು ದೂರ ಹೋಗುವುದು, ತಾಂಬೂಲ ಹೂವು ಪಾದರಕ್ಷೆ ಎಷ್ಟೆಂದು ಬೆಳಗ್ಗೆಯೇ ಗೊತ್ತುಮಾಡಿಕೊಂಡು ಸಂಜೆ ಲೆಕ್ಕ ನೋಡುತ್ತಾರೆ. ಇನ್ನೂ ಮೇಲಕ್ಕೆ ಏರುವವರಿಗೆ ಹನ್ನೊಂದು ಪ್ರತಿಮೆಗಳೆಂಬ ಮೆಟ್ಟಿಲುಗಳಿವೆ. ನಿರ್ಮಲ ಶ್ರದ್ಧೆಯಿಂದ ಮೊದಲಾಗಿ ವ್ರತ, ಸಾಮಾಯಿಕ, ಮುಂದೆ ಪೂರ್ಣ ಬ್ರಹ್ಮಚರ್ಯ, ಕಸುಬು ಬಿಡುವುದು, ಆಸ್ತಿ ಬಿಡುವುದು, ಮನೆಯ ವ್ಯವಹಾರದಲ್ಲಿ ಸಲಹೆ ಕೊಡುವುದನ್ನೂ ಬಿಡುವುದು ಎಂದು ಸಾಗಿ, ಕೊನೆಯ ಮೆಟ್ಟಿಲಲ್ಲಿ ಕ್ಷುಲ್ಲಕ, ಐಲಕರಾಗಿ ಮುನಿತ್ವದ ಹೊಸ್ತಿಲಿಗೆ ಬರುತ್ತಾರೆ. ಸಲಹೆ ಕೊಡದಿರುವುದನ್ನು ಆಸ್ತಿ ಬಿಡುವುದಕ್ಕಿಂತ ಮೇಲಿನ ಮೆಟ್ಟಿಲಾಗಿ ಇಟ್ಟಿರುವುದನ್ನು ಮನೆಯಲ್ಲಿ ಹಿರಿಯರಿರುವ ಯಾರಾದರೂ ಒಪ್ಪುತ್ತಾರೆ. ಬದುಕಿನ ಕೊನೆಗೆ ಆಹಾರವನ್ನು ಕ್ರಮಕ್ರಮವಾಗಿ ಬಿಡುತ್ತ ದೇಹ ಬಿಡುವ ಸಲ್ಲೇಖನವನ್ನು ಶ್ರಾವಕಾಚಾರಗಳು ಹನ್ನೆರಡು ವ್ರತಗಳ ಆಚೆ, ಐಚ್ಛಿಕವಾಗಿ ಹೇಳುತ್ತವೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಹೀಗೆ ದೇಹ ಬಿಟ್ಟವರ ನೆನಪಿಗೆ ನಿಲ್ಲಿಸಿದ ನಿಸಿದಿ ಶಾಸನಗಳು ಅದರ ದಾಖಲೆ. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟು ಇದನ್ನು ಅಪರಾಧವೆಂದಿತು. ಅದೇ ತಿಂಗಳು ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ನೀಡಿತು.

ಕರ್ನಾಟಕದಲ್ಲಿ ವ್ರತಗಳ ಜೊತೆಗೆ ದಾನಕ್ಕೂ ಅಷ್ಟೇ ಮರ್ಯಾದೆ. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಮಾಡಿದವರೆಂಬ ಹೊಗಳಿಕೆ ಜೈನ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದ್ದು ಶಾಸ್ತ್ರದಾನದ ಮೇರು. ಜೈನ ಹೆಗ್ಗಡೆ ಮನೆತನ ನಡೆಸುವ ಧರ್ಮಸ್ಥಳದಲ್ಲಿ ಅನ್ನ, ಔಷಧ, ವಿದ್ಯೆ, ಅಭಯ ಎಂದು ಚತುರ್ವಿಧ ದಾನದ ಮಾತು ಇಂದಿಗೂ ಚಾಲ್ತಿಯಲ್ಲಿದೆ. ಶಾಸ್ತ್ರದ ಜಾಗಕ್ಕೆ ಶಾಲೆ ಬಂದಿದೆ.

ಜೈನರೆಂದರೆ ವರ್ತಕರು, ಹಿಂಸೆಯ ಭಯದಿಂದ ಬೇಸಾಯ ಬಿಟ್ಟವರು ಎಂಬ ಮಾತು ಪುಸ್ತಕಗಳಲ್ಲಿ ಸಾಮಾನ್ಯ. ಇದ್ದಿಲು, ದಂತ, ವಿಷ, ಗಾಣಗಳಂಥ ಹದಿನೈದು ಕಸುಬುಗಳನ್ನು ಬೇಡವೆಂದ ಪಟ್ಟಿ ಇರುವುದೂ ನಿಜ. ಆದರೆ ಬೆಳಗಾವಿ ಜಿಲ್ಲೆಯಲ್ಲಿ, ಪಕ್ಕದ ಕೊಲ್ಹಾಪುರ, ಸಾಂಗ್ಲಿಗಳಲ್ಲಿ ಜೈನರು ಬಹುಪಾಲು ಒಕ್ಕಲಿನವರೇ. ಅವರಿಗೂ ಶಾಸ್ತ್ರದ ಬೆಂಬಲವಿದೆ: ರಾಷ್ಟ್ರಕೂಟರ ಕಾಲದ ಜಿನಸೇನನ ಆದಿಪುರಾಣದಲ್ಲಿ ವೃಷಭನಾಥ ಜನರಿಗೆ ಕಲಿಸಿದ ಆರು ವೃತ್ತಿಗಳಲ್ಲಿ ಕೃಷಿಯೂ ಒಂದು. 20ನೆಯ ಶತಮಾನದಲ್ಲಿ ದಿಗಂಬರ ಮುನಿಪರಂಪರೆಗೆ ಮರುಜೀವ ಕೊಟ್ಟ ಆಚಾರ್ಯ ಶಾಂತಿಸಾಗರರು ಚಿಕ್ಕೋಡಿ ಕಡೆಯ ಭೋಜ ಗ್ರಾಮದ ಇಂಥದೇ ಪಾಟೀಲರ ಮನೆತನದವರು. ತೆನೆಗೆ ಬಂದ ಹಕ್ಕಿಗಳನ್ನು ಓಡಿಸದೆ ಹೊಲದಲ್ಲಿ ಅವಕ್ಕೆ ನೀರಿಡುತ್ತಿದ್ದರೆಂದು ಅವರ ಪೂರ್ವಾಶ್ರಮದ ಬಗ್ಗೆ ಹೇಳುತ್ತಾರೆ. 1955ರಲ್ಲಿ ಕುಂಥಲಗಿರಿಯಲ್ಲಿ ಅವರು ಸಲ್ಲೇಖನದಿಂದ ದೇಹ ಬಿಟ್ಟರು.

ಜೈನರಲ್ಲದವರ ಬದುಕಿಗೂ ಈ ಬಗೆಯ ವ್ರತ ಹೊಕ್ಕಿದೆ. 1888ರಲ್ಲಿ ಇಂಗ್ಲೆಂಡಿಗೆ ಹೊರಟ ಗಾಂಧಿಯಿಂದ ಮದ್ಯ, ಮಾಂಸ, ಪರಸ್ತ್ರೀಸಂಗ ಬಿಡುವ ಪ್ರತಿಜ್ಞೆ ಮಾಡಿಸಿದವರು ಬೇಚರ್‌ಜಿ ಸ್ವಾಮಿ ಎಂಬ ಜೈನ ಸಾಧುವೇ. ಶ್ವೇತಾಂಬರ ತೇರಾಪಂಥದ ಒಂಬತ್ತನೆಯ ಆಚಾರ್ಯ ತುಲಸಿ 1949ರಲ್ಲಿ ರಾಜಸ್ಥಾನದ ಸರದಾರಶಹರದಲ್ಲಿ ಅಣುವ್ರತ ಆಂದೋಲನವನ್ನು ಆರಂಭಿಸಿ, ಯಾವ ಮತದವರು ಬೇಕಾದರೂ ಹಿಡಿಯಬಹುದಾದ ಕಿರು ಪ್ರತಿಜ್ಞೆಗಳನ್ನು ರೂಪಿಸಿದರು. ವ್ಯಾಪಾರದಲ್ಲಿ ಪ್ರಾಮಾಣಿಕತೆಯಂಥ ಹಳೆಯ ಬಾಬುಗಳ ಜೊತೆ ಚುನಾವಣೆಯ ಅಕ್ರಮ, ದುಶ್ಚಟ, ಪರಿಸರದ ಹಾಳುಗೆಡಹುವಿಕೆ ಅದರಲ್ಲಿ ಸೇರಿದವು. ಈ ಶಾಸ್ತ್ರವನ್ನು ಆಧುನಿಕ ಓದುಗರಿಗೆ ಇಂಗ್ಲಿಷಿನಲ್ಲಿ ತಿಳಿಸಿದವರಲ್ಲಿ ಆರ್. ವಿಲಿಯಮ್ಸ್ (1963) ಮತ್ತು ಮೂಡಬಿದಿರೆ ಬಳಿಯ ನೆಲ್ಲಿಕಾರಿನಲ್ಲಿ ಹುಟ್ಟಿದ ಪದ್ಮನಾಭ ಜೈನಿ (1979) ಮುಖ್ಯರು.

ಈಚೆಗೆ ಅಮೆರಿಕ, ಬ್ರಿಟನ್ನುಗಳಲ್ಲಿರುವ ಜೈನರ ನಡುವೆ ಎದ್ದಿರುವ ಚರ್ಚೆ ಹಾಲಿನದು. ಹಾಲು, ತುಪ್ಪ, ಮೊಸರು ಹಳೆಯ ನಿಷೇಧಗಳ ಪಟ್ಟಿಯಲ್ಲಿಲ್ಲ. ಬಸದಿಯ ಅಭಿಷೇಕಕ್ಕೂ ಹಾಲು ಬೇಕು. ಯಂತ್ರ ಕಟ್ಟಿ ಕರೆಯುವ, ಕರುವನ್ನು ಹುಟ್ಟಿದ ದಿನವೇ ಬೇರ್ಪಡಿಸುವ ದೊಡ್ಡ ಡೈರಿಗಳ ಹಾಲನ್ನು ಬಿಡಬೇಕೆನ್ನುವವರು ಆಧಾರಕ್ಕೆ ಮುಂದಿಡುವುದು ಕಟ್ಟುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಅತಿಭಾರ ಹೇರುವುದು, ಅನ್ನ ನೀರು ತಡೆಯುವುದು ಎಂಬ ಅದೇ ಐದರ ಪಟ್ಟಿಯನ್ನು. ಬಿಡಬೇಕಾಗಿಲ್ಲ ಎನ್ನುವವರು ತಮ್ಮ ಹಿರಿಯರ ಕೊಟ್ಟಿಗೆಯನ್ನು ನೆನಪಿಸುತ್ತಾರೆ. ಕೆಲವು ಮನೆಗಳಲ್ಲಿ ಈಗ ಆಲೂಗೆಡ್ಡೆ ತಿನ್ನದ ಅಜ್ಜಿಯೂ ಹಾಲು ಕುಡಿಯದ ಮೊಮ್ಮಗಳೂ ಒಂದೇ ಮೇಜಿಗೆ ಕೂರುತ್ತಾರೆ.